ವೈದ್ಯನ ಕೈಗೆ ಬಂದ ಮೊಂಡು ಕತ್ತಿ

ಪ್ರಶ್ನೆ: ರಷ್ಯಾದ ಕಥೆಗಾರ ಚೆಕಾವ್ ವೃತ್ತಿಯಿಂದ ವೈದ್ಯನಾಗಿದ್ದು, ಸಖಾಲಿನ್ ಎಂಬ ದೂರದ ದ್ವೀಪದಲ್ಲಿ ಕೈದಿಗಳಿಗೆ ಚಿಕಿತ್ಸೆ ನೀಡುತ್ತ ಕೆಲವು ಕಾಲ ಇದ್ದನೆಂದು ಕೇಳಿದ್ದೇನೆ. ಇದು ನಿಜವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಅಲ್ಲಿ ಇದ್ದದ್ದು ನಿಜ, ಆದರೆ ಚಿಕಿತ್ಸೆ ನೀಡಲೆಂದು ಹೋದದ್ದಲ್ಲ. ನಮ್ಮವರಿಗೆ ಅಂಡಮಾನ್ ಹೇಗೋ ಝಾರ್ ಕಾಲದ ರಷ್ಯನ್ನರಿಗೆ ಸಖಾಲಿನ್ ಹಾಗೆ, ಕರಿನೀರಿನ ಶಿಕ್ಷೆಯ ಜಾಗ. ಸೈಬೀರಿಯಾಕ್ಕೆ ಇನ್ನೂ ರೈಲುಹಾದಿ ಇರದ 1890ರ ಏಪ್ರಿಲ್‌ನಲ್ಲಿ, ಆಗಲೇ ಕೆಮ್ಮಿದರೆ ರಕ್ತ ಕಾಣುತ್ತಿದ್ದ ಮೂವತ್ತರ ಚೆಕಾವ್, ಕುದುರೆಗಾಡಿ ಮತ್ತು ದೋಣಿಗಳಲ್ಲಿ ಸುಮಾರು ಎರಡೂವರೆ ತಿಂಗಳು ಪಯಣಿಸಿ ಜುಲೈನಲ್ಲಿ ಅಲ್ಲಿಗೆ ತಲುಪಿದ. ಯಾರೂ ಕಳುಹಿಸಿರಲಿಲ್ಲ, ಸಂಬಳವೂ ಇರಲಿಲ್ಲ.

ಅಲ್ಲಿದ್ದ ಮೂರು ತಿಂಗಳು ಅವನು ಮಾಡಿದ ಮುಖ್ಯ ಕೆಲಸ ಜನಗಣತಿ. ದ್ವೀಪದ ಮುದ್ರಣಾಲಯದಲ್ಲೇ ಅಚ್ಚು ಹಾಕಿಸಿದ ಚೀಟಿಗಳನ್ನು ಹಿಡಿದು ಗುಡಿಸಿಲಿನಿಂದ ಗುಡಿಸಿಲಿಗೆ ಅಲೆದು, ಹೆಸರು, ವಯಸ್ಸು, ಹುಟ್ಟಿದ ಊರು, ಕಸುಬು, ಓದುಬರಹ ಎಂದು ಒಂದೊಂದಾಗಿ ಕೇಳಿ, ಸುಮಾರು 10,000 ಚೀಟಿಗಳನ್ನು ತುಂಬಿಸಿದ. ರಾಜಕೀಯ ಕೈದಿಗಳೊಡನೆ ಮಾತನಾಡುವುದಕ್ಕೆ ಮಾತ್ರ ಅಪ್ಪಣೆ ಇರಲಿಲ್ಲ. ದ್ವೀಪಕ್ಕೆ ಯಾವ ವರ್ಷ ಬಂದಿರಿ ಎಂದರೆ ತಟ್ಟನೆ ಹೇಳಬಲ್ಲವರೇ ಅಪರೂಪವಾಗಿದ್ದರಂತೆ. ಬಾಳು ಮುರಿದುಬಿದ್ದ ವರ್ಷವೇ ಅವರಿಗೆ ನೆನಪಿರಲಿಲ್ಲ. ರೋಗಿಯನ್ನು ಮುಟ್ಟಿ ನೋಡುವ ಮೊದಲು ಅವನ ಪೂರ್ವೋತ್ತರ ಕೇಳಿ ಬರೆದುಕೊಳ್ಳುವ ಅಭ್ಯಾಸವಿದ್ದ ವೈದ್ಯನಿಗಲ್ಲದೆ ಇಂಥ ಪ್ರಶ್ನೆಯನ್ನು ಸಾವಿರಾರು ಸಲ ಬೇಸರಿಸದೆ ಕೇಳಲು ಆಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಹಾಗೆಂದು ಚಿಕಿತ್ಸೆಯನ್ನು ಮಾಡಲೇ ಇಲ್ಲವೆಂದಲ್ಲ. ದ್ವೀಪದ ಅಲೆಕ್ಸಾಂದ್ರೋವ್ಸ್ಕ್ ಎಂಬ ಊರಿನ ಆಸ್ಪತ್ರೆಯಲ್ಲಿ ಹೊರರೋಗಿಗಳನ್ನು ನೋಡುತ್ತಿದ್ದಾಗ, ಕುತ್ತಿಗೆಯಲ್ಲಿ ಕೀವುಗಟ್ಟಿದ್ದ ಹುಡುಗನೊಬ್ಬನನ್ನು ಕರೆತಂದರು. ಬಾವನ್ನು ಕೊಯ್ಯಲು ಚೆಕಾವ್ ಕತ್ತಿ ಕೇಳಿದ. ಕಂಪೌಂಡರನೂ ಇನ್ನಿಬ್ಬರೂ ಓಡಿಹೋಗಿ ತಂದದ್ದು ಮೊಂಡು. ಮೊಂಡಿರಲು ಸಾಧ್ಯವೇ ಇಲ್ಲ, ಕಮ್ಮಾರ ಮೊನ್ನೆಮೊನ್ನೆ ಸಾಣೆ ಹಿಡಿದುಕೊಟ್ಟಿದ್ದಾನೆ ಎಂದು ಅವರ ವಾದ. ಮತ್ತೆ ಓಡಿ ಇನ್ನೊಂದು ತಂದರು, ಅದೂ ಮೊಂಡು. ಗಾಯಕ್ಕೆ ನಂಜೇರದಂತೆ ಬಳಸುವ ಕಾರ್ಬಾಲಿಕ್ ಆಮ್ಲ ಬರಲು ತಡವಾಯಿತು. ಬೋಗುಣಿಯಿಲ್ಲ, ಹತ್ತಿಯಿಲ್ಲ, ನೆಟ್ಟಗಿನ ಕತ್ತರಿಯಿಲ್ಲ, ಸಾಕಷ್ಟು ನೀರೂ ಇಲ್ಲ. ಇದನ್ನೆಲ್ಲ ಅವನು ಬರೆದಿರುವುದು ಒಂದಿಷ್ಟೂ ಸಿಟ್ಟು ತೋರದ ಒಣ ಗದ್ಯದಲ್ಲಿ. ಓದುವವರಿಗೇ ಸಿಟ್ಟು ಬರಲಿ ಎಂದೋ ಏನೋ.

ಅಕ್ಟೋಬರ್‌ನಲ್ಲಿ ಹಡಗು ಹತ್ತಿದವನು ಹಾಂಗ್‌ಕಾಂಗ್, ಸಿಂಗಪುರ, ಕೊಲಂಬೊ ದಾರಿಯಾಗಿ ಮನೆ ಸೇರಿದ. 'ಸಖಾಲಿನ್ ದ್ವೀಪ' 1893ರಿಂದ ಮಾಸಪತ್ರಿಕೆಯೊಂದರಲ್ಲಿ ಕಂತುಗಳಲ್ಲಿ ಬಂದು 1895ರಲ್ಲಿ ಪುಸ್ತಕವಾಯಿತು. ಅದನ್ನು ಮಹಾಪ್ರಬಂಧವೆಂದು ಒಪ್ಪಿಕೊಂಡು ಚೆಕಾವ್‌ಗೆ ಬೋಧಿಸುವ ಅರ್ಹತೆ ಕೊಡಬಹುದೇ ಎಂದು ಗೆಳೆಯನೊಬ್ಬ ಮಾಸ್ಕೋ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದ ಮುಖ್ಯಸ್ಥರನ್ನು ಕೇಳಿದಾಗ, ಅವರು ಒಪ್ಪಲಿಲ್ಲ. ದ್ವೀಪದ ಶಾಲೆಗಳಿಗೆಂದು ಚೆಕಾವ್ ಸಂಗ್ರಹಿಸಿದ ಪುಸ್ತಕಗಳ ಪೆಟ್ಟಿಗೆಗಳು ಮಾತ್ರ ಅಷ್ಟರಲ್ಲಾಗಲೇ ಸಖಾಲಿನ್ ಸೇರಿದ್ದವು.