ನಾಳ ಇರುವುದು ಬೇರೆ, ಸೋರುವುದು ಬೇರೆ

ಗದಗದಲ್ಲಿರುವ ನಿಮ್ಮ ತಾಯಿಯವರ ಎಡಗಣ್ಣಿಗೆ ಇಂಜೆಕ್ಷನ್ ನಡೆಯುತ್ತಿದ್ದು, ಬಲಗಣ್ಣಿನ ಅಕ್ಷಿಪಟಲದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ರೆಟಿನಾ) ಕೆಳಗೂ ಅಸಹಜ ರಕ್ತನಾಳ ಕಂಡಿರುವಾಗ, ಹುಬ್ಬಳ್ಳಿಯ ವೈದ್ಯರು ಔಷಧ ಕೊಡದೆ ಸ್ಕ್ಯಾನಿಗೆ ಮಾತ್ರ ಕರೆಯುತ್ತಿರುವುದು ಸರಿಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ತೊಂದರೆಯಿರುವ ನಮ್ಮ ತಂದೆಯವರನ್ನು ಧಾರವಾಡದಿಂದ ತಪಾಸಣೆಗೆ ಕರೆದೊಯ್ಯುವವನು. ಆ ವೈದ್ಯರ ಕ್ರಮ ಸರಿಯೆಂದೇ ನನಗೆ ಅನ್ನಿಸುತ್ತದೆ, ಏಕೆಂದರೆ ಇಂಜೆಕ್ಷನ್ ಸಾಮಾನ್ಯವಾಗಿ ಬೇಕಾಗುವುದು ನಾಳದಿಂದ ದ್ರವವೋ ರಕ್ತವೋ ಸೋರತೊಡಗಿದಾಗ.

ಒಸಿಟಿ ಎಂದರೆ ಬೆಳಕಿನಿಂದ ಅಕ್ಷಿಪಟಲದ ಪದರಗಳ ಚಿತ್ರ ತೆಗೆಯುವ ಸ್ಕ್ಯಾನ್. ಅದರದೇ ಒಂದು ಬಗೆಯಾದ ಒಸಿಟಿ ಆಂಜಿಯೋಗ್ರಫಿಯು ಒಂದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಹರಿಯುವ ರಕ್ತಕಣಗಳಿಂದ ಉಂಟಾಗುವ ವ್ಯತ್ಯಾಸವನ್ನಷ್ಟೇ ಹೆಕ್ಕಿ ನಾಳಗಳ ನಕ್ಷೆ ಬಿಡಿಸುವುದರಿಂದ, ಕೈನರಕ್ಕೆ ಫ್ಲೋರೆಸೀನ್ ಬಣ್ಣ ಚುಚ್ಚುವ ಅಗತ್ಯವಿರುವುದಿಲ್ಲ. ಆದರೆ ಈ ನಕ್ಷೆ ಸೋರಿಕೆಯನ್ನು ತೋರಿಸುವುದಿಲ್ಲ. ಅದಕ್ಕಾಗಿ ಸಾದಾ ಒಸಿಟಿಯ ಪದರಚಿತ್ರವನ್ನು ಜೊತೆಗಿಟ್ಟು ನೋಡುತ್ತಾರೆ. ಪದರಗಳ ನಡುವೆ ಅಥವಾ ಕೆಳಗೆ ದ್ರವ ನಿಂತಿದ್ದರೆ ಅದು ಕಪ್ಪು ಪೊಳ್ಳಿನಂತೆ ಕಾಣುತ್ತದೆ. ನಾಳ ಸ್ವಲ್ಪ ಹರಡಿದೆ ಎಂದ ಮಾತ್ರಕ್ಕೆ ಗಾಬರಿಯಾಗಬೇಡಿ, ಆದರೆ ಇಂಥ ಕಣ್ಣಿನಲ್ಲಿ ಮುಂದೆ ಸೋರಿಕೆಯಾಗುವ ಸಂಭವ ಹೆಚ್ಚಿರುವುದರಿಂದ ಕೊಟ್ಟ ದಿನಾಂಕವನ್ನು ತಪ್ಪಿಸಲೂಬೇಡಿ. ಸಾಧ್ಯವಾದರೆ ಪ್ರತಿಸಲವೂ ಅದೇ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿ, ಹಳೆಯ ಚಿತ್ರಗಳನ್ನು ಒಯ್ಯಿರಿ; ಹೋಲಿಕೆ ಸುಲಭವಾಗುತ್ತದೆ.

ಮನೆಯಲ್ಲಿ ತಾಯಿಯವರು ಓದುವ ಕನ್ನಡಕ ಹಾಕಿಕೊಂಡು, ಎಡಗಣ್ಣು ಮುಚ್ಚಿ, ಆಮ್ಸ್ಲರ್ ಚೌಕಳಿಯ ಚೀಟಿಯನ್ನು (ನೇರ ಗೆರೆಗಳ ಚೌಕಗಳೂ ನಡುವೆ ಒಂದು ಚುಕ್ಕೆಯೂ ಇರುವ ಚೀಟಿ), ಆ ಚುಕ್ಕೆಯ ಮೇಲೆ ದೃಷ್ಟಿಯಿಟ್ಟು ದಿನವೂ ನೋಡಲಿ. ಎರಡೂ ಕಣ್ಣು ತೆರೆದು ನೋಡಿದರೆ ದೋಷ ಮರೆಯಾಗಿಬಿಡುತ್ತದೆ, ನಮ್ಮ ತಂದೆಯವರು ಮೊದಲು ಮಾಡುತ್ತಿದ್ದುದು ಅದನ್ನೇ. ಗೆರೆ ಹೊಸದಾಗಿ ಸೊಟ್ಟಗಾದರೆ ಅಥವಾ ನಡುವೆ ಮಸುಕು ಕಂಡರೆ ಮುಂದಿನ ದಿನಾಂಕಕ್ಕೆ ಕಾಯದೆ ಕೂಡಲೇ ತೋರಿಸಿ.