ಜುಲೈನಲ್ಲಿ ಅಂಡಮಾನ್‌ಗೆ ಹೋಗುವವರು ಹ್ಯಾವ್‌ಲಾಕ್ ಕೊನೆಗೆ ಇಡಬೇಡಿ

ನಿಮ್ಮ ಆರು ದಿನದ ಪ್ಲಾನ್ ನೋಡಿದೆ ಸರ್. ಮೊದಲು ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯಪುರಂ), ಬಾರಾಟಾಂಗ್ ದ್ವೀಪ. ಆಮೇಲೆ ನೀಲ್ (ಈಗ ಶಹೀದ್ ದ್ವೀಪ), ಹ್ಯಾವ್‌ಲಾಕ್ (ಈಗ ಸ್ವರಾಜ್ ದ್ವೀಪ). ಕೊನೇ ದಿನ ಬೆಳಿಗ್ಗೆ ಪೋರ್ಟ್ ಬ್ಲೇರ್‌ಗೆ ಬೋಟು, ಮಧ್ಯಾಹ್ನ ಅಲ್ಲಿಂದ ವಿಮಾನ. ದಯವಿಟ್ಟು ಹೀಗೆ ಮಾಡಬೇಡಿ. ಇದೇ ತಪ್ಪು ನಾನೂ ಮಾಡಿದ್ದೆ, ಅದೂ ಜುಲೈನಲ್ಲೇ.

ಆವತ್ತು ಹ್ಯಾವ್‌ಲಾಕ್‌ನಲ್ಲಿ ಮಳೆ ಅಷ್ಟೇನೂ ಇರಲಿಲ್ಲ, ಗಾಳಿ ಮಾತ್ರ ಜೋರು. ಜೆಟ್ಟಿಗೆ ಹೋದರೆ ಜನ ಸೂಟ್‌ಕೇಸ್ ಮೇಲೆ ಕೂತಿದ್ದಾರೆ, ಕೌಂಟರ್ ಕಿಟಕಿ ಅರ್ಧ ಮುಚ್ಚಿದೆ. ಒಳಗಿದ್ದವರು ತಲೆ ಎತ್ತದೆ 'ಇವತ್ತು ಬೋಟಿಲ್ಲ, ನಾಳೆ ಕೇಳಿ' ಅಂದರು. ಮಾರನೇ ದಿನವೂ ಇಲ್ಲ. ಬೋಟಿನ ದುಡ್ಡು ವಾಪಸ್ ಬಂತು, ವಿಮಾನದ್ದು ಪೂರ್ತಿ ಹೋಯಿತು. ಎಲ್ಲರೂ ಮಳೆ ಎಷ್ಟು ಅಂತ ನೋಡ್ತಾರೆ. ಬೋಟು ನಿಲ್ಲಿಸುವುದು ಗಾಳಿ ಮತ್ತು ಅಲೆ. ಹವಾಮಾನ ನೋಡುವಾಗ ಅದನ್ನು ನೋಡಿ.

ಈಗ ನಾನು ಮಾಡುವುದು ಹೀಗೆ. ವಿಮಾನ ಬೆಳಿಗ್ಗೆ ಇಳಿದರೆ ಅದೇ ದಿನ ಮಧ್ಯಾಹ್ನದ ಬೋಟು ಹಿಡಿದು ನೇರ ಹ್ಯಾವ್‌ಲಾಕ್. ಬೋಟು ರದ್ದಾದರೂ ಒಂದು ದಿನ ಹೋಗುತ್ತದೆ, ವಿಮಾನ ತಪ್ಪುವುದಿಲ್ಲ. ಕೊನೇ ಎರಡು ರಾತ್ರಿ ಕಡ್ಡಾಯವಾಗಿ ಪೋರ್ಟ್ ಬ್ಲೇರ್‌ನಲ್ಲಿ. ಒಂದು ರಾತ್ರಿ ಸಾಲದು, ನನಗೆ ಸತತ ಎರಡು ದಿನ ಬೋಟು ಇರಲಿಲ್ಲ ಅಲ್ವಾ. ಸೆಲ್ಯುಲರ್ ಜೈಲು, 1883ರ ಚಾಥಮ್ ಮರದ ಮಿಲ್ಲು, ಎಲ್ಲವನ್ನೂ ಆ ದಿನಗಳಿಗೇ ಇಡಿ. ಬಾರಾಟಾಂಗ್ ಸಮಯ ಉಳಿದರೆ ಮಾತ್ರ. ಅಲ್ಲಿ ಸುಣ್ಣಕಲ್ಲಿನ ಗುಹೆಗೂ ಬೋಟಿನಲ್ಲೇ ಹೋಗಬೇಕು. ದಾರಿ ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶದೊಳಗಿಂದ. ಅಲ್ಲಿ ಕ್ಯಾಮೆರಾ ತೆಗೆಯಲೇಬೇಡಿ, ಅದು ಅಪರಾಧ.

ಬೋಟು ಯಾವುದು ಅಂತ ಕೇಳಿದ್ದೀರಿ. ಮ್ಯಾಕ್ರೂಝ್, ನಾಟಿಕಾ ಅನ್ನುವ ಖಾಸಗಿ ಬೋಟುಗಳು ಹ್ಯಾವ್‌ಲಾಕ್‌ಗೆ ಬೇಗ ತಲುಪುತ್ತವೆ, ಸುಮಾರು ಒಂದೂವರೆ ಗಂಟೆ. ಆದರೆ ಮುಚ್ಚಿದ ಎಸಿ ಹಾಲ್. ಹೊಟ್ಟೆ ತೊಳೆಸುವವರಿಗೆ ಸರ್ಕಾರಿ ಬೋಟೇ ವಾಸಿ. ನಿಧಾನ ಹೌದು, ಡೆಕ್ ಮೇಲೆ ನಿಂತು ಗಾಳಿ ತಗೊಳ್ಳಬಹುದು. ವಾಂತಿ ತಡೆಯುವ ಅವೋಮಿನ್ ಮಾತ್ರೆ ನುಂಗುವುದಾದರೆ ಡಾಕ್ಟರನ್ನು ಕೇಳಿ ಮೊದಲೇ ನುಂಗಿ. ಬೋಟು ಅಲ್ಲಾಡಲು ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ನಿದ್ದೆ ಬರುತ್ತದೆ, ಅದೂ ಗೊತ್ತಿರಲಿ.

ಹ್ಯಾವ್‌ಲಾಕ್‌ನ ರಾಧಾನಗರ ಬೀಚ್ ದ್ವೀಪದ ಪಶ್ಚಿಮಕ್ಕಿದೆ. ಮುಂಗಾರಿನ ಅಲೆ ನೇರ ಅಲ್ಲಿಗೇ ಬಡಿಯುತ್ತದೆ. ಕೆಂಪು ಬಾವುಟ ಹಾಕಿದ್ದರೂ 'ಮೊಣಕಾಲುದ್ದ ನೀರು ತಾನೇ' ಅಂತ ಮಕ್ಕಳನ್ನು ಇಳಿಸುವವರನ್ನು ನೋಡಿದ್ದೇನೆ, ತುಂಬಾ ಸಿಟ್ಟು ಬರುತ್ತದೆ. ಸುಮ್ನೆ ಮರದ ಕೆಳಗೆ ಕೂತು ನೋಡಿ, ಇಡೀ ಬೀಚು ನಿಮ್ಮದೇ. ನೀರು ಬೇಕೆಂದರೆ ಪೂರ್ವದ ವಿಜಯನಗರ, ಕಾಲಾಪತ್ಥರ್ ಕಡೆ ಶಾಂತ ಜಾಸ್ತಿ. ಆದರೆ ಮೊಸಳೆ ಬೋರ್ಡ್ ಇದ್ದಲ್ಲಿ, ತೊರೆ ಸಮುದ್ರ ಸೇರುವಲ್ಲಿ ಎಲ್ಲೇ ಆದರೂ ಇಳಿಯಬೇಡಿ. ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಅದಕ್ಕೆ ತಕ್ಕ ಹಾಗೆ ಹೊರಡಿ.

ಹೋಟೆಲ್ ಬುಕ್ ಆಗಿದ್ದರೆ ಇವತ್ತೇ ಫೋನ್ ಮಾಡಿ ದಿನ ಅದಲು ಬದಲು ಮಾಡಿಸಿ. ಜುಲೈನಲ್ಲಿ ರೂಮು ಖಾಲಿ ಇರುತ್ತವೆ, ಸಾಮಾನ್ಯವಾಗಿ ಒಪ್ಪುತ್ತಾರೆ.