ಸಾಕ್ಷ್ಯಚಿತ್ರ ನಿರ್ಮಾಪಕರು ಇಷ್ಟೊಂದು ಬೇರೆ ಬೇರೆ ವೃತ್ತಿಗಳಿಂದ ಬರುವುದೇಕೆ?

ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾದ ಪರಿಣತಿಗಿಂತ ಮೊದಲು ಬೇಕಾಗುವುದು ವಿಷಯದ ಒಳಗೆ ಪ್ರವೇಶ. ಅದು ಬಹುಮಟ್ಟಿಗೆ ಹಿಂದಿನ ವೃತ್ತಿಯಿಂದಲೇ ದೊರೆಯುವುದರಿಂದ ವಕೀಲರು, ಪತ್ರಕರ್ತರು, ವಿಜ್ಞಾನಿಗಳು ಈ ಕ್ಷೇತ್ರಕ್ಕೆ ಬರುತ್ತಾರೆ. ಕಥಾಚಿತ್ರದ ನಿರ್ಮಾಪಕರು ಸಂಭಾವನೆ ಕೊಟ್ಟು ನಟರನ್ನು ಕರೆತರಬಹುದು, ಸೆಟ್ ಹಾಕಿಸಬಹುದು. ಇಲ್ಲಿಯಾದರೋ ನಿಜವಾದ ಜನರ ಒಪ್ಪಿಗೆ ಬೇಕು, ಅದು ನಂಬಿಕೆಯಿಲ್ಲದೆ ಸಿಗದು.

ಅಮೆರಿಕದ ಫ್ರೆಡರಿಕ್ ವೈಸ್‌ಮನ್ ಇದಕ್ಕೆ ಸ್ಪಷ್ಟ ನಿದರ್ಶನ. ಕಾನೂನು ಬೋಧಿಸುತ್ತಿದ್ದ ಅವರು ತಮ್ಮ ವಿದ್ಯಾರ್ಥಿಗಳನ್ನು ಮ್ಯಾಸಚೂಸೆಟ್ಸ್‌ನ ಬ್ರಿಜ್‌ವಾಟರ್‌ನಲ್ಲಿದ್ದ, ಮಾನಸಿಕ ಅಸ್ವಸ್ಥ ಅಪರಾಧಿಗಳನ್ನಿಡುವ ಸೆರೆಮನೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. 1967ರಲ್ಲಿ ಹೊರಬಂದ, ಅವರೇ ನಿರ್ಮಿಸಿ ನಿರ್ದೇಶಿಸಿದ ಮೊದಲ ಸಾಕ್ಷ್ಯಚಿತ್ರ ಅಲ್ಲಿಯೇ ಚಿತ್ರಿತವಾಯಿತು. ಅವರಿಗಿಂತ ಬಹಳ ಹಿಂದೆ, ಕೆನಡಾದ ಉತ್ತರ ಭಾಗಕ್ಕೆ ಅದಿರಿನ ಶೋಧಕ್ಕೆಂದು ಹೋಗಿದ್ದ ರಾಬರ್ಟ್ ಫ್ಲಾಹರ್ಟಿ ಅಲ್ಲಿನ ಇನುಯಿಟ್ ಜನರ ಪರಿಚಯದಿಂದಲೇ 1922ರ ತಮ್ಮ ಪ್ರಸಿದ್ಧ ಚಿತ್ರವನ್ನು ತಯಾರಿಸಿದರು. ಅದಕ್ಕೆ ಹಣ ಹೂಡಿದ್ದು ಪ್ರಾಣಿಗಳ ತುಪ್ಪುಳುಚರ್ಮದ ವ್ಯಾಪಾರ ಮಾಡುವ ಒಂದು ಫ್ರೆಂಚ್ ಕಂಪನಿ.

ಹಣದ ಕಾರಣವೂ ಇದೆ. ಒಂದೇ ಚಿತ್ರ ಹಲವು ವರ್ಷ ಎಳೆಯಬಹುದು, ಅನುದಾನ ಕಂತುಗಳಲ್ಲಿ ಬರುತ್ತದೆ. ಆದ್ದರಿಂದ ನಿರ್ಮಾಪಕರ ಪರಿಚಯದಲ್ಲಿ ಕಾಣುವ ‘ಬಹುಮುಖ ಆಸಕ್ತಿ’ಯಲ್ಲಿ ಒಂದು ಪಾಲು, ನನ್ನ ಅಭಿಪ್ರಾಯದಲ್ಲಿ, ಹೊಟ್ಟೆಪಾಡೇ. ಬೋಧನೆ, ಜಾಹೀರಾತು, ಬರವಣಿಗೆಗಳನ್ನು ಅವರಲ್ಲಿ ಅನೇಕರು ಕೊನೆಯವರೆಗೂ ಬಿಡುವುದಿಲ್ಲ.